ಹೆಂಗಸರ ಕಡೆ ಟಿಕೆಟ್ಟು

ದಸರಾ ರಜಕ್ಕೆ ತಮ್ಮನ ಮಗಳು ನಮ್ಮನೆಗೆ ಬಂದಿದ್ಲು. ತಮ್ಮ ಅಂದ್ರೆ ಒಡಹುಟ್ಟಿದವನಲ್ಲ, ದೊಡ್ಡಮ್ಮನ ಮಗ. ಆದ್ರೂ ದೊಡ್ಡಬಳ್ಳಾಪುರದ ಒಂದೇ ವಠಾರದಲ್ಲಿ, ಒಂದೇ ಒಲೆಯ ಮುದ್ದೆ ತಿಂದು ಬೆಳೆದೋರು ನಾವು. ಹುಡುಗಿ ಈಗ ಸೆಕೆಂಡ್ ಪಿಯುಸಿ. ಯಾವಾಗ್ಲೂ ಫೋನಿಗೆ ಅಂಟ್ಕೊಂಡಿರೋಳು, ಈ ಸಲ ಮೂರು ದಿನ ಆದ್ರೂ ಅದರ ಕಡೆ ತಿರುಗಿ ನೋಡಲಿಲ್ಲ. ಜೊತೆಗೆ ದೊಡ್ಡಮ್ಮನೂ ಬಂದಿದ್ರು. ದೇವನಹಳ್ಳಿ ಮನೆ ಜಗಲಿ ಮೇಲೆ ಮೂವರೂ ಹಸಿ ಕಡಲೆಕಾಯಿ ಬಿಡಿಸ್ತಾ ಕೂತಿದ್ದಾಗ ಹುಡುಗಿ ಬಾಯಿ ಬಿಟ್ಲು.

ಅವಳಿಗೆ ಇಷ್ಟದ ಹೀರೋ ಒಬ್ಬನ ಅಭಿಮಾನಿಗಳ ಗುಂಪಿಗೆ ಫೋನಲ್ಲಿ ಸೇರಿದ್ಲಂತೆ. ಸಾವಿರಾರು ಜನ ಇರೋ ಗುಂಪು. ಹೊಸ ಸಿನಿಮಾ ಚೆನ್ನಾಗೈತೆ, ಇಂಟರ್‌ವಲ್ ಆದ್ಮೇಲೆ ಒಸಿ ಎಳೆದವ್ರೆ ಅಂತ ಒಂದು ಮಾತು ಬರೆದಿದ್ದಾಳೆ. ಬೆಳಗಾಗೋದ್ರೊಳಗೆ ಬೈಗುಳದ ರಾಶಿ. ಸಿನಿಮಾ ಬಗ್ಗೆ ಮಾತಾಡಿದ್ದಕ್ಕಿಂತ ಹುಡುಗಿ ಆಗಿ ಮಾತಾಡಿದ್ದಕ್ಕೇ ಜಾಸ್ತಿ. ಹೋಗಿ ಪಾತ್ರೆ ತೊಳಿ ಅಂದೋರೇ ಅದರಲ್ಲಿ ಒಳ್ಳೆಯೋರು. ಉಳಿದದ್ದನ್ನ ಅವಳು ಹೇಳಲಿಲ್ಲ, ನಾನೂ ಕೆದಕಲಿಲ್ಲ. 2025ರ ಜುಲೈನಲ್ಲಿ ನಟಿ ರಮ್ಯಾ ತಮಗೆ ಬಂದ ಅಶ್ಲೀಲ ಮೆಸೇಜುಗಳ ಬಗ್ಗೆ ಬೆಂಗಳೂರು ಪೊಲೀಸ್ ಕಮಿಷನರಿಗೆ ದೂರು ಕೊಟ್ಟಿದ್ದನ್ನ ನೀವೂ ಓದಿದ್ದೀರಿ. ಪಾರ್ಲಿಮೆಂಟಿಗೆ ಹೋಗಿ ಬಂದ ಹೆಣ್ಣುಮಗಳಿಗೇ ಹಂಗೆ ಬರೀತಾರೆ ಅಂದ್ರೆ, ಪಿಯುಸಿ ಹುಡುಗಿಗೆ ಏನು ಬರೆದಿರಬಹುದು, ನೀವೇ ಯೋಚನೆ ಮಾಡಿ.

ಅವಳಪ್ಪ ಮಾಡಿದ್ದು ಒಂದೇ ಕೆಲಸ. ಗುಂಪೂ ಬೇಡ ಗಿಂಪೂ ಬೇಡ, ಫೋನಿಡು ಅಂದುಬಿಟ್ಟ. ಅವನ ಭಯ ಸುಳ್ಳು ಅಂತ ನಾನು ಹೇಳಲ್ಲ. ಜೂನ್ 4ನೇ ತಾರೀಕು ಚಿನ್ನಸ್ವಾಮಿ ಸ್ಟೇಡಿಯಮ್ಮಿನ ಹತ್ರ ಕ್ರಿಕೆಟ್ ಟೀಮು ನೋಡಕ್ಕೆ ಹೋದ 11 ಜನ ಕಾಲ್ತುಳಿತದಲ್ಲಿ ಹೋದ್ರಲ್ಲ, ಅದನ್ನ ಟಿವಿಯಲ್ಲಿ ನೋಡಿದಾಗಿಂದ ಗುಂಪು ಅಂದ್ರೆ ಅವನಿಗೆ ಎದೆ ನಡುಗ್ತದೆ. ಆದ್ರೆ ಈ ಮಹಾರಾಯ ತಾನು ಮಾತ್ರ ಹುಟ್ಟು ಅಭಿಮಾನಿ. ನೆಂಟರ ಮದುವೇಲಿ ನಾಲ್ಕು ಜನ ಸೇರಿದ್ರೆ ಸಾಕು, "ಮೂರು ವರ್ಷಕ್ಕೇ ನನ್ನ ಹೆಸರು ರೇಡಿಯೋದಲ್ಲಿ ಬಂದಿತ್ತು, ಅಣ್ಣಾವ್ರ ಹಾಡು ಕೇಳಿದ್ದೆ" ಅಂತ ಶುರು ಮಾಡ್ತಾನೆ. ನೀವೆಲ್ಲಾ ಎಷ್ಟು ಸಲ ಕೇಳಿಲ್ಲ ಹೇಳಿ.

"ಅತ್ತೆ, ನಿಮ್ ಕಾಲದಲ್ಲಿ ನೀವು ಎಲ್ಲಿ ಸೇರ್ತಿದ್ರಿ? ನಿಮ್ಗೂ ಯಾರಾದ್ರೂ ಬೈತಿದ್ರಾ?" ಅಂದ್ಲು ಹುಡುಗಿ.

ಥಟ್ಟಂತ ಉತ್ತರ ಹೊಳೀಲಿಲ್ಲ. ಮೂರು ದಿನ ದೊಡ್ಡಮ್ಮನ್ನ ಕೆದಕಿ ಕೆದಕಿ ಕೇಳಿ, ಅಜ್ಜಿ ಹೇಳ್ತಿದ್ದದ್ದನ್ನ ನೆನೆಸ್ಕೊಂಡು ಇದನ್ನ ಬರೀತಿದ್ದೀನಿ. ನಮ್ಮೂರ ಕಡೆ ಅಭಿಮಾನಿ ಸಂಘಗಳ ಬೋರ್ಡು ಎಲ್ಲಾ ಸರ್ಕಲ್ಲಲ್ಲೂ ಐತೆ. ನಾವು ಸೇರ್ತಿದ್ದ ಜಾಗಕ್ಕೆ ಯಾರೂ ಬೋರ್ಡು ಹಾಕಿಲ್ಲ.

ಅಜ್ಜಿಯಿಂದಲೇ ಶುರು ಮಾಡ್ತೀನಿ. ಅಜ್ಜಿ ತೂಬಗೆರೆ ಕಡೆಯೋಳು. ಆಗ ಊರಿಗೆ ಟೂರಿಂಗ್ ಟಾಕೀಸು ಬರೋದು, ನಾವು ಟೆಂಟು ಅಂತಿದ್ವಿ. ಬಯಲಲ್ಲಿ ಡೇರೆ ಎಬ್ಬಿಸಿ ಒಂದಷ್ಟು ತಿಂಗಳು ಇದ್ದು, ಪರವಾನಗಿ ಮುಗಿದ ಮೇಲೆ ಗಂಟು ಕಟ್ಕೊಂಡು ಮುಂದಿನ ಊರಿಗೆ ಹೊರಡೋದು. ಸಂಜೆ ಮೈಕಲ್ಲಿ ಘಂಟಸಾಲ ಅವರ ನಮೋ ವೆಂಕಟೇಶ ಹಾಡು ಹಾಕಿದ್ರು ಅಂದ್ರೆ ಇನ್ನೇನು ಆಟ ಶುರು ಅಂತ ಅರ್ಥ. ಆ ಹಾಡು ಕೇಳಿ ಒಲೆ ಆರಿಸಿ, ಮಕ್ಕಳನ್ನ ಕಂಕುಳಿಗೆ ಹಾಕ್ಕೊಂಡು ಓಡೋರು. ಒಳಗೆ ನೆಲ, ಬೆಂಚು, ಕುರ್ಚಿ ಅಂತ ಮೂರು ಬಗೆ. ನೆಲದಲ್ಲಿ ನಡುವೆ ಒಂದು ಅಡ್ಡ. ಕೆಲವು ಕಡೆ ಮೋಟು ಗೋಡೆ, ಕೆಲವು ಕಡೆ ಬರೀ ಬಿದಿರು ತಡಿಕೆ. ಆಚೆ ಗಂಡಸರು, ಈಚೆ ಹೆಂಗಸರು. ಟಿಕೆಟ್ ಕೊಡೋ ಕಿಂಡಿನೂ ಬೇರೆ.

1954ರಲ್ಲಿ ಬೇಡರ ಕಣ್ಣಪ್ಪ ಬಂತು, ರಾಜ್‌ಕುಮಾರ್ ಹೀರೋ ಆದ ಮೊದಲ ಸಿನಿಮಾ. ನಮ್ಮ ಹಳ್ಳಿಗಳಿಗೆ ಬರೋ ಹೊತ್ತಿಗೆ ಇನ್ನೊಂದೆರಡು ವರ್ಷ ಆಗಿತ್ತೋ ಏನೋ. ಕಣ್ಣಪ್ಪ ಶಿವನಿಗೆ ಕಣ್ಣು ಕಿತ್ತು ಕೊಡೋ ಹೊತ್ತಿಗೆ ಹೆಂಗಸರ ಕಡೆ ಒಬ್ಬಳ ಸೆರಗೂ ಒಣಗಿರಲಿಲ್ಲ ಅಂತಿದ್ಲು ಅಜ್ಜಿ. ಮರಳು ಗುಡ್ಡೆ ಮಾಡ್ಕೊಂಡು ಅದರ ಮೇಲೆ ಕೂರೋರು. ಒಂದೇ ಮಿಷನ್ನು, ರೀಲು ಬದಲಿಸೋವಾಗ ಆಟ ನಿಲ್ಲೋದು. ಆ ಐದು ನಿಮಿಷ ಐತಲ್ಲ, ಅದೇ ಅಜ್ಜಿಗೆ ಸಿನಿಮಾಕ್ಕಿಂತ ಇಷ್ಟವಾದ ಹೊತ್ತು. ಪಕ್ಕದೂರಿನ, ಗುರುತಿಲ್ಲದ, ಬೇರೆ ಜಾತಿಯ ಹೆಂಗಸು ಎಲೆಅಡಿಕೆ ಚೀಲ ಬಿಚ್ಚಿ "ತಕ್ಕಳವ್ವ, ಅಳಬ್ಯಾಡ" ಅಂತ ಕೊಡೋಳಂತೆ. ಬಾವಿ ಕಟ್ಟೆ ಮೇಲೆ ಕೊಡ ಮುಟ್ಟಿಸ್ಕೊಳ್ಳದ ಕಾಲದ ಮಾತಿದು. ತಡಿಕೆ ಕಟ್ಟಿದ್ದು ನಮ್ಮನ್ನ ಬೇರೆ ಕೂರಿಸಕ್ಕೆ, ನಿಜ. ಮಗೂಗೆ ಹಾಲು ಕೊಡ್ತಾ, ಕಾಲು ಚಾಚಿ, ಯಾರ ಮುಖನೂ ನೋಡದೆ ಮನಸಾರೆ ಅಳಕ್ಕೆ ಆ ತಡಿಕೆಯೇ ಅನುಕೂಲ ಆಯ್ತು ಅನ್ನೋದೂ ನಿಜ.

ಅಮ್ಮ, ದೊಡ್ಡಮ್ಮ ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದ್ರು. ಮಗ್ಗದ ಊರು ಅದು, ನಿಮಗೆ ಗೊತ್ತೇ ಐತೆ. ಕೈಮಗ್ಗ ಹೋಗಿ ಪವರ್‌ಲೂಮು ಬಂದ ಮೇಲೆ ಬೀದಿಗೆ ಬೀದಿಯೇ ಟಕಟಕ ಅಂತಿರ್ತದೆ. ಮಗ್ಗ ಓಡಿಸೋರು ಗಂಡಸರಾದ್ರೆ, ಕಂಡಿಕೆ ಸುತ್ತೋದು, ಅಚ್ಚು ಕೆಚ್ಚೋದು ಬಹುಪಾಲು ಹೆಂಗಸರ ಕೆಲಸ. ಅಚ್ಚು ಕೆಚ್ಚೋದು ಅಂದ್ರೆ ಗೊತ್ತಿಲ್ಲದ ಸಣ್ಣ ಹುಡುಗೀರಿಗೆ ಹೇಳ್ತೀನಿ: ಹಳೇ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ಹೊಸೆದು ಸೇರಿಸೋದು. ಸಾವಿರಾರು ಎಳೆ. ಕಣ್ಣು ಅಲ್ಲೇ ನೆಟ್ಟಿರಬೇಕು, ಬಾಯಿ ಮಾತ್ರ ಖಾಲಿ. ಮಗ್ಗ ನಿಂತಿರೋ ಹೊತ್ತಲ್ಲೇ ಈ ಕೆಲಸ ನಡೆಯೋದ್ರಿಂದ ಸದ್ದೂ ಇರಲ್ಲ. ಗೋಡೆ ಮೊಳೆಗೆ ರೇಡಿಯೋ ತೂಗು ಹಾಕಿರೋದು. ಐದಾರು ಹೆಂಗಸರು ತಲೆ ಬಗ್ಗಿಸಿ ಕೂತು ಎಳೆ ಹೊಸೀತಾ ಹೊಸೀತಾ ಸಿನಿಮಾ ಕಥೆ, ಕಾದಂಬರಿ ಕಥೆ ಹೇಳ್ಕೊಳ್ಳೋರು. ಓದು ಬರೋಳು ಒಬ್ಬಳು ಇದ್ರೆ ಸಾಕು, ಬಾಡಿಗೆಗೆ ತಂದ ಪುಸ್ತಕ ರಾತ್ರಿ ಓದಿ ಬೆಳಿಗ್ಗೆ ಎಲ್ಲರಿಗೂ ಒಪ್ಪಿಸೋಳು. ನಮ್ಮ ವಠಾರದಲ್ಲಿ ಆ ಕೆಲಸ ದೊಡ್ಡಮ್ಮನದು. ಏಳನೇ ಕ್ಲಾಸು ಪಾಸು.

ತ್ರಿವೇಣಿ ಅಂದ್ರೆ ದೊಡ್ಡಮ್ಮನಿಗೆ ಪ್ರಾಣ. ಆಯಮ್ಮ 1963ರಲ್ಲಿ, ಮೂವತ್ತೈದು ತುಂಬೋದ್ರೊಳಗೇ ತೀರಿಕೊಂಡ್ರು. ಬೆಳ್ಳಿ ಮೋಡ ಸಿನಿಮಾ ಆಗಿದ್ದು 1967ರಲ್ಲಿ, ಶರಪಂಜರ 1971ರಲ್ಲಿ. ಎರಡನ್ನೂ ಪುಟ್ಟಣ್ಣ ಕಣಗಾಲ್ ಮಾಡಿದ್ದು, ಎರಡರಲ್ಲೂ ಕಲ್ಪನಾ, ಎರಡನ್ನೂ ಬರೆದೋಳು ನೋಡಲಿಲ್ಲ. ಶರಪಂಜರ ನೋಡಕ್ಕೆ ಮಗ್ಗದ ಮನೆ ಹೆಂಗಸರು ಒಟ್ಟಿಗೆ ಹೋಗಿದ್ರಂತೆ. ಕಥೆ ಮರೆತಿದ್ರೆ ಹೇಳ್ತೀನಿ. ಕಾವೇರಿ ಅನ್ನೋ ಹೆಣ್ಣುಮಗಳು, ಹೆರಿಗೆ ಆದ್ಮೇಲೆ ಬುದ್ಧಿ ಸ್ಥಿಮಿತ ತಪ್ಪಿ ಆಸ್ಪತ್ರೆ ಸೇರ್ತಾಳೆ. ವಾಸಿಯಾಗಿ ವಾಪಸ್ಸು ಬರ್ತಾಳೆ. ಆದ್ರೆ ಮನೆಯೋರು, ನೆರೆಹೊರೆಯೋರು, ಗಂಡ, ಯಾರೂ ಅವಳನ್ನ ವಾಸಿಯಾದೋಳು ಅಂತ ನೋಡೋದೇ ಇಲ್ಲ. ನಕ್ಕರೂ ಹುಚ್ಚು, ಸುಮ್ಮನಿದ್ರೂ ಹುಚ್ಚು. ಕೊನೆಗೆ ಮತ್ತೆ ಅದೇ ಸ್ಥಿತಿಗೆ ತಳ್ತಾರೆ.

ಮಾರನೇ ದಿನ ಅಚ್ಚು ಕೆಚ್ಚಕ್ಕೆ ಕೂತಾಗ ಎಲ್ಲರೂ ಕಲ್ಪನಾ ಸೀರೆ, ಕಲ್ಪನಾ ಕಣ್ಣು ಅಂತ ಮಾತಾಡ್ತಿದ್ರೆ, ಒಬ್ಬಳು ಎಳೆ ಹೊಸೀತಾ ತಲೆ ಎತ್ತದೆ ಹೇಳಿದ್ಲಂತೆ, "ನಂಗೂ ಹಂಗೇ ಆಗಿತ್ತು ಕಣಕ್ಕ." ಎರಡನೇ ಬಾಣಂತನದಲ್ಲಿ, ಮಗೂನ ಬಾವಿಗೆ ಹಾಕ್ಬಿಡ್ತೀನೇನೋ ಅಂತ ಭಯ ಆಗೋದಂತೆ. ದೆವ್ವ ಮೆಟ್ಕೊಂಡೈತೆ ಅಂತ ಬೇವಿನ ಸೊಪ್ಪಲ್ಲಿ ಬಡಿದಿದ್ರಂತೆ. ಆರು ವರ್ಷದಿಂದ ಅದೇ ಹೆಂಗಸು ಇವರ ಜೊತೆ ಅದೇ ಜಾಗದಲ್ಲಿ ಕೂತು ಕೆಲಸ ಮಾಡ್ತಿದ್ಲು, ಒಂದು ದಿನ ಉಸಿರು ಬಿಟ್ಟಿರಲಿಲ್ಲ. ದೊಡ್ಡಮ್ಮ ಇದನ್ನ ಹೇಳೋವಾಗ ಕಡಲೆಕಾಯಿ ಬಿಡಿಸೋದು ನಿಲ್ಲಿಸಿದ್ರು. "ನಾವ್ಯಾರೂ ಏನೂ ಹೇಳ್ಲಿಲ್ಲ ಕಣೇ. ಅವಳ ಪಾಲಿನ ಎಳೆನೂ ನಾವೇ ಹೊಸೆದ್ವಿ ಆವತ್ತು" ಅಂದ್ರು. ಈಗ ಡಾಕ್ಟರುಗಳು ಬಾಣಂತಿ ಮನಸ್ಸಿನ ಕಾಯಿಲೆಗೆ ಹೆಸರಿಟ್ಟವ್ರೆ, ಔಷಧಿ ಕೊಡ್ತಾರೆ. ಆಗ ಅದನ್ನ ಬಾಯಿಬಿಟ್ಟು ಹೇಳಕ್ಕೆ ಕಲ್ಪನಾ ಬೇಕಾಯ್ತು. ಸಿನಿಮಾ ನೋಡಿ ಅಳೋ ಹೆಂಗಸರು ಅಂತ ನಗೋರಿಗೆ ಇದನ್ನ ಯಾರು ಹೇಳೋದು.

ಇನ್ನು ಪೋಸ್ಟ್‌ಕಾರ್ಡಿನ ವಿಷಯ. ಆಕಾಶವಾಣಿಯಲ್ಲಿ ಕೇಳುಗರ ಕೋರಿಕೆ ಮೇಲೆ ಚಿತ್ರಗೀತೆ ಹಾಕೋರು. ವಿವಿಧ ಭಾರತಿ ಶುರುವಾಗಿದ್ದು 1957ರಲ್ಲಿ. ಉತ್ತರದ ಕಡೆ ಝುಮ್ರಿ ತಲೈಯಾ ಅನ್ನೋ ಊರು ಬರೀ ಹಾಡು ಕೇಳೋ ಕಾರ್ಡು ಬರೆದು ಬರೆದೇ ದೇಶಕ್ಕೆಲ್ಲಾ ಹೆಸರಾಗಿಬಿಡ್ತು, ಅಲ್ಲಿ ಮೈಕಾ ಗಣಿಗಳಂತೆ. ನಮ್ಮ ಕಡೇನೂ ಕಾರ್ಡಿಗೇನು ಕಮ್ಮಿ ಇರಲಿಲ್ಲ. ಹದಿನೈದು ಪೈಸೆ ಕಾರ್ಡು, ಹಾಡಿನ ಹೆಸರು, ಸಿನಿಮಾ ಹೆಸರು, ನಮ್ಮ ಹೆಸರು, ಊರು. ಹಾಡಿಗಿಂತ ಮುಂಚೆ ಬರೋ ಹೆಸರಿನ ಸಾಲು ಕೇಳಕ್ಕೇ ಕಿವಿ ನೆಟ್ಟಗಾಗೋದು. 1982ರಲ್ಲಿ ಹಾಲು ಜೇನು ಬಂತು. ಕ್ಯಾನ್ಸರ್ ಬಂದ ಹೆಂಡತಿಯನ್ನ ನೋಡ್ಕೊಳ್ಳೋ ಗಂಡನ ಪಾತ್ರ ರಾಜ್‌ಕುಮಾರ್‌ದು. ಫೈಟಿಂಗ್ ಮಾಡೋ ರಾಜ್‌ಕುಮಾರ್ ಗಂಡಸರಿಗೆ. ಹೆಂಡತಿಗೆ ಕಾಯಿಲೆ ಬಂದ್ರೆ ಪಕ್ಕದಲ್ಲೇ ಕೂರೋ ರಾಜ್‌ಕುಮಾರ್ ಇದ್ದಾನಲ್ಲ, ಅವನು ನಮಗೆ. ಅಂಥ ಗಂಡ ವಠಾರದಲ್ಲಿ ಒಬ್ಬನೂ ಇರಲಿಲ್ಲ, ಅದು ಬೇರೆ ಮಾತು.

ದೊಡ್ಡಮ್ಮ ಕಾರ್ಡು ಬರೆದ್ರು, ಹೆಸರು ಬಂತು. ಇಡೀ ಮಗ್ಗದ ಮನೆ ಕುಣೀತು. ಸಂಜೆ ದೊಡ್ಡಪ್ಪ ಟೀ ಅಂಗಡಿಯಿಂದ ಕೆಂಪು ಮುಖ ಮಾಡ್ಕೊಂಡು ಬಂದ್ರು. "ನಿನ್ನೆಂಡ್ತಿ ಹೆಸ್ರು ಊರೂರಿಗೆಲ್ಲಾ ಕೂಗ್ತಾವ್ರಲ್ಲಪ್ಪ, ಗುರುತಿಲ್ಲದ ಗಂಡಸ್ರ ಹೆಸ್ರಿನ ಜೊತೇಲಿ" ಅಂತ ಅಲ್ಲಿ ಯಾರೋ ಅಂದವ್ರೆ. ಅವತ್ತು ರಾತ್ರಿ ರೇಡಿಯೋ ಮೊಳೆಯಿಂದ ಇಳೀತು. ವಾರ ಆದ್ಮೇಲೆ ಮತ್ತೆ ಹತ್ತಿತು, ಕ್ರಿಕೆಟ್ ಕಾಮೆಂಟರಿ ಬೇಕಿತ್ತಲ್ಲ. ಆದ್ರೆ ದೊಡ್ಡಮ್ಮನ ಹೆಸರು ಆಮೇಲೆ ಯಾವತ್ತೂ ಬರಲಿಲ್ಲ. ಬಂದಿದ್ದು ಮಗನ ಹೆಸರು. ಮೂರು ವರ್ಷದ ಕೂಸಿನ ಹೆಸರಲ್ಲಿ ಕಾರ್ಡು ಬರೆದು, ನನ್ನ ಕೈಲಿ ಕೊಟ್ಟು ಪೋಸ್ಟ್ ಡಬ್ಬಿಗೆ ಹಾಕಿಸೋರು. ದೊಡ್ಡಪ್ಪನಿಗೆ ಅದು ಬಂದಾಗ ಎಂಥ ಹೆಮ್ಮೆ ಅಂತೀರಿ, ಊರಿಗೆಲ್ಲಾ ಹೇಳ್ಕೊಂಡು ಬಂದ್ರು. ಏಳು ವರ್ಷದ ನನಗೆ ಆಗ ಅರ್ಥ ಆಗಿರಲಿಲ್ಲ. ನಮ್ಮ ತಮ್ಮನಿಗೆ ನಲವತ್ತಾರು ವರ್ಷ ಆದ್ರೂ ಅರ್ಥ ಆಗಿರಲಿಲ್ಲ.

ಸಂಘಗಳ ಕಥೆ ಬೇರೆ. ಅದೇ 1982ರಲ್ಲಿ ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಇಳಿದ್ರು, ಕನ್ನಡಕ್ಕೋಸ್ಕರ ಊರೂರು ತಿರುಗಿದ್ರು. ಆಗಿನಿಂದ ಅಭಿಮಾನಿ ಸಂಘ ಅಂದ್ರೆ ಬರೀ ಸಿನಿಮಾ ಅಲ್ಲ, ಕನ್ನಡದ ಬಾವುಟ, ರಾಜ್ಯೋತ್ಸವ, ಮೆರವಣಿಗೆ ಎಲ್ಲಾ ಸೇರ್ಕೊಂತು. ಒಳ್ಳೇದೇ ಆಯ್ತು. 1980ರಲ್ಲಿ ಆಟೋ ರಾಜ ಬಂದ ಮೇಲೆ ಆಟೋ ಸ್ಟ್ಯಾಂಡುಗಳಿಗೆಲ್ಲಾ ಶಂಕರ್‌ನಾಗ್ ಹೆಸರು. ಅವರು ಹೋಗಿ ಮೂವತ್ತೈದು ವರ್ಷ ಆದ್ರೂ ಫೋಟೋ ಇಳಿದಿಲ್ಲ, ನೋಡಕ್ಕೆ ಖುಷಿಯಾಗ್ತದೆ. ಆದ್ರೆ ಈ ಯಾವ ಜಾಗದಲ್ಲೂ ಒಂದು ಹೆಣ್ಣು ಕೂತಿದ್ದನ್ನ ನಾನು ಕಾಣೆ. ಅಣ್ಣಾವ್ರು ಅಭಿಮಾನಿ ದೇವರುಗಳು ಅಂದ್ರು. ದೇವರಲ್ಲಿ ಅಮ್ಮನವರೂ ಇರ್ತಾರೆ ಅನ್ನೋದು ಸಂಘದೋರಿಗೆ ಹೊಳೆದಿರಲಿಲ್ಲ.

ಇದರಲ್ಲಿ ನನ್ನದೂ ಒಂದು ಪಾಲಿದೆ. 1989ರಲ್ಲಿ ನಂಜುಂಡಿ ಕಲ್ಯಾಣ ಬಂದಾಗ ನನಗೆ ಹದಿನಾಲ್ಕು. ಮಾಲಾಶ್ರೀ ಅಂದ್ರೆ ತಲೆ ತಿರುಗೋದು. ಅಳದೆ, ಕಾಲಿಗೆ ಬೀಳದೆ, ಎದುರು ಮಾತಾಡೋ ಹುಡುಗಿನ ನಾವು ಅದುವರೆಗೆ ಪರದೆ ಮೇಲೆ ನೋಡಿದ್ದು ಕಮ್ಮಿ. ಎಸ್.ಪಿ. ಭಾರ್ಗವಿ ಬಂದಾಗಂತೂ ನಾವು ಮೂರು ಜನ ಗೆಳತಿಯರು ಪೊಲೀಸ್ ಆಗೋದು ಅಂತ ತೀರ್ಮಾನ ಮಾಡಿದ್ವಿ. ರೂಪತಾರಾದಿಂದ ಕತ್ತರಿಸಿದ ಅವಳ ಫೋಟೋ ನನ್ನ ಟ್ರಂಕಿನ ಮುಚ್ಚಳದೊಳಗೆ ಅಂಟಿಸಿದ್ದೆ. ಒಂದು ದಿನ ಧೈರ್ಯ ಮಾಡಿ, ಬೀದಿ ಕೊನೇಲಿದ್ದ ಒಂದು ಸಂಘದ ಹುಡುಗರನ್ನ ಕೇಳಿದ್ವಿ, ನಮ್ಮನ್ನೂ ಸೇರಿಸ್ಕೊಳ್ಳಿ ಅಂತ. ಒಬ್ಬ ನಗ್ತಾ ಹೇಳಿದ, "ಹುಡ್ಗೀರಿಗೆ ಮೆಂಬರ್‌ಶಿಪ್ ಇಲ್ಲಮ್ಮ. ನವೆಂಬರ್ ಒಂದಕ್ಕೆ ರಂಗೋಲಿ ಹಾಕಕ್ಕೆ ಬನ್ನಿ." ಹೋದ್ವಿ, ಹಾಕಿದ್ವಿ ಕೂಡ. ಭುವನೇಶ್ವರಿ ಮುಖ ಮಾಡಕ್ಕೆ ಹೋಗಿ ಮಾಲಾಶ್ರೀ ಮುಖ ಮಾಡಿಟ್ಟು ಬಂದಿದ್ವಿ, ಅವರಿಗೆ ಗೊತ್ತಾಗಲಿಲ್ಲ.

ಟಿವಿ ಬಂದ ಮೇಲೆ ಟೆಂಟು ಮನೆಗೇ ಬಂತು ಅನ್ನಿ. 1987ರಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಶುರುವಾದಾಗ ಬೀದಿಗೆಲ್ಲಾ ಒಂದೇ ಟಿವಿ. ಅದಿದ್ದ ಮನೆಯೋರು ಚಾಪೆ ಹಾಸಿ ಎಲ್ಲರನ್ನೂ ಕೂರಿಸ್ಕೊಳ್ಳೋರು. 1994ರಲ್ಲಿ ಉದಯ, 2000ದ ಕೊನೇಲಿ ಈಟಿವಿ. ನಡುವೆ 1998ರಲ್ಲಿ ದೂರದರ್ಶನದಲ್ಲಿ ಮಾಯಾಮೃಗ. ಟಿ.ಎನ್. ಸೀತಾರಾಮ್ ನಮ್ಮ ದೊಡ್ಡಬಳ್ಳಾಪುರ, ಗೌರಿಬಿದನೂರು ಕಡೆಯೋರು ಅನ್ನೋ ಹೆಮ್ಮೆ ಬೇರೆ. ಆಮೇಲೆ ಮನ್ವಂತರ, ಮುಕ್ತ, ಮುಕ್ತ ಮುಕ್ತ. ಅದರಲ್ಲಿ ಸಿ.ಎಸ್.ಪಿ. ಅನ್ನೋ ವಕೀಲರ ಪಾತ್ರ ಸೀತಾರಾಮ್ ಅವರದೇ. ಆ ಕೋರ್ಟಿನ ಸೀನು ನೋಡಿ ನಮ್ಮ ವಠಾರದ ಹೆಂಗಸರು ಅಪ್ಪನ ಆಸ್ತೀಲಿ ಹೆಣ್ಣುಮಕ್ಕಳ ಪಾಲಿನ ಬಗ್ಗೆ ಮಾತಾಡಕ್ಕೆ ಶುರು ಮಾಡಿದ್ರು. ಮನೆ ಗಂಡಸರು ಸೌಂಡು ಕಮ್ಮಿ ಮಾಡು ಅಂದಿದ್ದು ಆಗಲೇ.

ಧಾರಾವಾಹಿ ನೋಡೋ ಹೆಂಗಸರನ್ನ ಆಡಿಕೊಳ್ಳೋದು ಮುಂಚೆಯಿಂದ್ಲೂ ಇದ್ದದ್ದೇ. ಆದ್ರೆ 2018ರಲ್ಲಿ ಪುಟ್ಟಗೌರಿ ಮದುವೆ ಧಾರಾವಾಹೀಲಿ ಗೌರಿ ಬೆಟ್ಟದಿಂದ ಬಿದ್ದು ಬದುಕಿದಳಲ್ಲ, ಆಗ ಫೋನುಗಳಲ್ಲಿ ಓಡಾಡಿದ ನಗೆಚಿತ್ರಗಳನ್ನ ನೆನೆಸ್ಕೊಳ್ಳಿ. ನಾನೂ ನಕ್ಕಿದ್ದೆ, ಸುಳ್ಳು ಹೇಳಲ್ಲ. ಅಷ್ಟು ಎತ್ತರದಿಂದ ಬಿದ್ರೆ ಯಾರು ಬದುಕ್ತಾರೆ. ಆದ್ರೆ ಒಬ್ಬನೇ ಐವತ್ತು ಜನಾನ ಹೊಡೆದು ಹಾಕೋ ಹೀರೋನ ನೋಡಿ ಶಿಳ್ಳೆ ಹೊಡೆಯೋರೇ ಅದನ್ನ ಕಳಿಸಿ ಕಳಿಸಿ ನಗ್ತಿದ್ದದ್ದು. ದೊಡ್ಡಮ್ಮ ಗೌರಿಯನ್ನ ಬಾಲ್ಯವಿವಾಹದ ಕೂಸಾಗಿದ್ದಾಗಿಂದ ನೋಡ್ತಿದ್ರ. ಅವರ ತಾಯಿಗೆ ಮದುವೆ ಆದಾಗ ಒಂಬತ್ತು ವರ್ಷ. ಆ ನಗೆಚಿತ್ರ ಬಂದ ಮೇಲೆ ಮೊಮ್ಮಕ್ಕಳ ಎದುರು ಆ ಧಾರಾವಾಹಿ ಹಾಕೋದನ್ನೇ ಬಿಟ್ರು. ಹಳೇ ಮಗ್ಗದ ಮನೆ ಹೆಂಗಸರು, ಈಗ ಯಾರ್‍ಯಾರೋ ಯಾವ್ಯಾವ ಊರಲ್ಲೋ ಇರೋರು, ಫೋನಲ್ಲಿ ಹದಿನಾಲ್ಕು ಜನದ್ದು ಒಂದು ಗುಂಪು ಮಾಡ್ಕೊಂಡವ್ರೆ. ಟೈಪ್ ಮಾಡಕ್ಕೆ ಬರಲ್ಲ, ಎಲ್ಲಾ ಮಾತಾಡೇ ಕಳಿಸೋದು. ದೊಡ್ಡಮ್ಮನದು ಒಂದೊಂದು ನಾಲ್ಕು ನಿಮಿಷ. ಯಾರೂ ಅರ್ಧಕ್ಕೆ ನಿಲ್ಲಿಸಲ್ಲವಂತೆ.

ಎರಡು ಸಾವಿನ ವಿಷಯ ಬರೀಲೇಬೇಕು. 2000ದ ಜುಲೈ 30ರ ರಾತ್ರಿ ಗಾಜನೂರಿಂದ ರಾಜ್‌ಕುಮಾರ್‌ನ ವೀರಪ್ಪನ್ ಹೊತ್ತೊಯ್ದಾಗ ದೊಡ್ಡಮ್ಮ ಒಪ್ಪತ್ತು ಹಿಡಿದ್ರು, 108 ದಿನ. ಬಿಡುಗಡೆ ಆದ ಮೇಲೆ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ಹರಕೆ ತೀರಿಸಿ ಬಂದ್ರು. ಅಂಥೋರು, 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಕೊನೇ ಸಲ ಮುಖ ನೋಡಕ್ಕೆ ಹೋಗಲಾಗಲಿಲ್ಲ. ಬೆಂಗಳೂರು ಹೊತ್ತಿ ಉರೀತಿತ್ತು. ಕಲ್ಲು, ಬೆಂಕಿ, ಗೋಲಿಬಾರು, ಜೀವಗಳೇ ಹೋದವು. ನಮ್ಮ ಮನೆ ಗಂಡಸರೇ ಯಲಹಂಕದಿಂದ ಹಿಂದಕ್ಕೆ ಬಂದ್ರು. ಅರ್ಧ ಶತಮಾನ ಅವರ ಸಿನಿಮಾಗಳಿಗೆ ಅತ್ತ ಹೆಂಗಸರು, ಅವರ ಸಾವಿಗೆ ಅಡುಗೆ ಮನೇಲಿ ನಿಂತು ಅತ್ತರು. ಇದು ಅಭಿಮಾನಾನಾ ಅಂತ ದೊಡ್ಡಮ್ಮ ಟಿವಿ ನೋಡ್ತಾ ಕೇಳಿದ್ದು ನನಗಿನ್ನೂ ಕಿವೀಲೈತೆ.

2021ರ ಅಕ್ಟೋಬರ್ 29ರಂದು ಪುನೀತ್ ಹೋದ. ನಲವತ್ತಾರು ವರ್ಷ, ನನ್ನ ವಯಸ್ಸೇ. ಹೋದ ಅಂತ ಏಕವಚನ ಬರ್ತದೆ, ಕ್ಷಮಿಸಿ. ಬೆಟ್ಟದ ಹೂವು ಹುಡುಗನಾಗಿದ್ದಾಗಿಂದ ಮನೆ ಮಗ ಅವನು, ಆಮೇಲೆ ಕನ್ನಡದ ಕೋಟ್ಯಾಧಿಪತಿ ನಡೆಸ್ಕೊಂಡು ಮನೆಯೊಳಗೇ ಬಂದು ಕೂತೋನು. ಈ ಸಲ ದೊಡ್ಡಮ್ಮ ಯಾರನ್ನೂ ಕೇಳಲಿಲ್ಲ. 30ನೇ ತಾರೀಕು ಕೋಳಿ ಕೂಗೋ ಮುಂಚೆ ಎದ್ದು, ನನ್ನನ್ನೂ ಆಗ ಹದಿಮೂರು ವರ್ಷದ ಈ ಹುಡುಗಿಯನ್ನೂ ಹೊರಡಿಸ್ಕೊಂಡು ಬಸ್ಸು ಹತ್ತಿಸಿದ್ರು. ಕಂಠೀರವ ಸ್ಟೇಡಿಯಮ್ಮಿನ ಸಾಲು ಎಲ್ಲಿ ಶುರು ಎಲ್ಲಿ ಕೊನೆ ಅಂತಾನೇ ಕಾಣ್ತಿರಲಿಲ್ಲ. ನನಗೆ ಆಶ್ಚರ್ಯ ಆಗಿದ್ದು ಹೆಂಗಸರನ್ನ ನೋಡಿ. ಮುದುಕಿಯರು, ಬಾಣಂತಿಯರು, ಗಾರ್ಮೆಂಟ್ಸ್ ಹುಡುಗೀರು, ಬುರ್ಖಾ ಹಾಕಿದೋರು. ಗುರುತಿಲ್ಲದೋರು ಬಿಸ್ಕತ್ತು ಕೊಟ್ರು, ನೀರು ಕೊಟ್ರು. ಒಂದು ಹೆಂಗಸು ದೊಡ್ಡಮ್ಮನ ಕೈ ಹಿಡ್ಕೊಂಡು ಒಂದು ಗಂಟೆ ನಿಂತಿದ್ಲು, ಹೆಸರೂ ಕೇಳಲಿಲ್ಲ. ಮುಂದಿದ್ದ ಹುಡುಗರು, ನೋಡಿದ್ರೆ ಭಯ ಆಗೋ ಥರ ಗಡ್ಡ ಬಿಟ್ಟಿದ್ದೋರು, "ಅಜ್ಜಿ ಬರ್ಲಿ ದಾರಿ ಬಿಡ್ರೋ" ಅಂತ ಕೈ ಅಡ್ಡ ಕಟ್ಟಿ ಜಾಗ ಮಾಡಿದ್ರು. 2006ರಲ್ಲಿ ಕಲ್ಲು ಹೊಡೆದೋರ ತಮ್ಮಂದಿರೋ ಮಕ್ಕಳೋ ಇದ್ದಿರಬೇಕು ಇವರು. ಹದಿನೈದು ವರ್ಷದಲ್ಲಿ ಏನು ಬದಲಾಯ್ತು? ಪೊಲೀಸರ ತಯಾರಿ ಇತ್ತು, ಮನೆಯೋರು ಶಾಂತಿ ಕಾಪಾಡಿ ಅಂತ ಕೈಮುಗಿದಿದ್ರು. ನನಗನ್ಸೋದು, ಅಷ್ಟು ಜನ ಹೆಂಗಸರು ಬಂದು ನಿಂತಿದ್ದೂ ಒಂದು ಕಾರಣ ಅಂತ. ಅದನ್ನ ಯಾರೂ ಲೆಕ್ಕ ಹಾಕಿಲ್ಲ, ನನ್ನ ಅನಿಸಿಕೆ ಅಷ್ಟೇ.

ಲೀಲಾವತಿ ಅಮ್ಮನ ಮಾತೂ ಇಲ್ಲೇ ಹೇಳಿಬಿಡ್ತೀನಿ, ನಮ್ಮ ಜಿಲ್ಲೇಲೇ ಇದ್ದೋರಲ್ಲ. ರಣಧೀರ ಕಂಠೀರವದಲ್ಲಿ, ಸಂತ ತುಕಾರಾಂನಲ್ಲಿ ರಾಜ್‌ಕುಮಾರ್ ಎದುರು ನಟಿಸಿದೋರು, ನೆಲಮಂಗಲ ತಾಲ್ಲೂಕಿನ ಸೋಲದೇವನಹಳ್ಳಿಗೆ ಬಂದು ತೋಟ ಮಾಡ್ಕೊಂಡಿದ್ರು. ಊರಿನ ಜನಕ್ಕೆ ಅಂತ ಸ್ವಂತ ದುಡ್ಡಲ್ಲಿ ಆಸ್ಪತ್ರೆ ಕಟ್ಟಿಸಿದ್ರು, ಕೊನೆಗಾಲದಲ್ಲಿ ದನಕರುಗಳಿಗೂ ಒಂದು ಆಸ್ಪತ್ರೆ. ನಮ್ಮ ಚಿಕ್ಕಮ್ಮ ಒಬ್ಬಳನ್ನ ಆ ಕಡೆ ಕೊಟ್ಟಿದೆ. ಅವಳಿಗೆ ಲೀಲಾವತಿ ಸಿನಿಮಾ ನಟಿ ಅನ್ನೋದಕ್ಕಿಂತ ಆಸ್ಪತ್ರೆ ಅಮ್ಮ. 2023ರ ಡಿಸೆಂಬರ್ 8ರಂದು ಅವರು ತೀರಿಕೊಂಡಾಗ ತೋಟದಲ್ಲೇ ಮಣ್ಣು ಮಾಡಿದ್ರು. ಚಿಕ್ಕಮ್ಮ ಅವತ್ತು ಅಲ್ಲಿ ಅತ್ತಿದ್ದಕ್ಕೆ ಯಾವ ಸಂಘದ ರಸೀದೀನೂ ಬೇಕಾಗಲಿಲ್ಲ.

ಇಷ್ಟನ್ನೂ ಹುಡುಗಿಗೆ ಹೇಳಿದ್ವಿ. ದೊಡ್ಡಮ್ಮ ತಮ್ಮದೊಂದು ಮಾತು ಸೇರಿಸಿದ್ರು. "ಸಾವಿರ ಜನ ಇರೋ ಕಡೆ ಜಾತ್ರೆ ನೋಡ್ದಂಗೆ ನೋಡ್ಕೊಂಡು ಬಾ. ಮನಸ್ಸಿನ ಮಾತು ಆಡಕ್ಕೆ ಹತ್ತು ಜನ ಸಾಕು ಕಣೇ. ಅದ್ರಲ್ಲಿ ಒಬ್ಳಾದ್ರೂ ನಿನ್ನ ಮುಖ ನೋಡಿದೋಳಿರ್ಲಿ." ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದ್ಲು, ಬಿಟ್ಟುಬಂದ ಗುಂಪಿಗೆ ತಾನು ಇನ್ನೊಂದು ಹೆಸರಲ್ಲಿ ಮತ್ತೆ ಸೇರಿದ್ದೀನಿ ಅಂತ. ಗಂಡಸಿನ ಹೆಸರು. ಅದೇ ಮಾತು ಬರೆದ್ರೂ ಈಗ ಯಾರೂ ಬೈಯಲ್ವಂತೆ, ಹೌದು ಗುರು ಅಂತಾರಂತೆ. ಬರೆಯಕ್ಕೆ ಬೇಜಾರಾಗಿ ಫೋನೇ ಮುಟ್ಟಿರಲಿಲ್ಲ. ಯಾವ ಹೆಸರೇ ಅಂದ್ರೆ, "ಅಪ್ಪಂದು" ಅಂದ್ಲು. ದೊಡ್ಡಮ್ಮ ನಕ್ಕ ನಗುಗೆ ಕಡಲೆಕಾಯಿ ಮೊರ ಮಗುಚಿತು.

ಭಾನುವಾರ ತಮ್ಮ ಕಾರು ತಗೊಂಡು ಕರ್ಕೊಂಡು ಹೋಗಕ್ಕೆ ಬಂದ. ಊಟಕ್ಕೆ ಕೂತಾಗ ದೊಡ್ಡಮ್ಮ ಸಾರು ಬಡಿಸ್ತಾ ಬಡಿಸ್ತಾನೇ ಹೇಳಿಬಿಟ್ರು, ಕಾರ್ಡಿನ ವಿಷಯ. ಅವನು ಮುದ್ದೆ ಮುರಿದೋನು ಹಂಗೇ ಕೂತ.

"ಹಂಗಾದ್ರೆ ಆ ಕಾರ್ಡು ನಾನು ಬರ್ದಿದ್ದಲ್ವಾ?"

"ಮೂರು ವರ್ಷದ ಕೂಸು ಕಾರ್ಡು ಬರೀತದೇನೋ? ಚಡ್ಡಿ ಹಾಕ್ಕೊಳ್ಳಕ್ಕೆ ಬರ್ತಿರ್ಲಿಲ್ಲ ನಿಂಗೆ."

"ನೀನು ನಿನ್ನ ಹೆಸ್ರಲ್ಲೇ ಬರೀಬೋದಿತ್ತಲ್ಲವ್ವ."

ದೊಡ್ಡಮ್ಮ ಅದಕ್ಕೆ ಉತ್ತರ ಕೊಡಲಿಲ್ಲ. ಮೊಮ್ಮಗಳ ಕಡೆ ನೋಡಿ, "ಇನ್ನೊಂದು ಚೂರು ಸಾರು ಹಾಕ್ಲೇನೇ?" ಅಂದ್ರು. ಅವನು ಅಮ್ಮನ್ನ ನೋಡಿದ, ಮಗಳನ್ನ ನೋಡಿದ, ಮತ್ತೆ ತಟ್ಟೆ ನೋಡಿದ. ಮಗಳು ತನ್ನ ಹೆಸರಲ್ಲೇ ಬರೀತಿರೋದು ಅವನಿಗಿನ್ನೂ ಗೊತ್ತಿರಲಿಲ್ಲ. ಅದನ್ನ ನಾವ್ಯಾರೂ ಹೇಳಲಿಲ್ಲ, ಅವಳೇ ಹೇಳಿದ್ಲು.

ಹೊರಡೋವಾಗ ಅವನು ಕಾರಲ್ಲಿ ಹಾಲು ಜೇನು ಹಾಡು ಹುಡುಕಿ ಹಾಕಿದ. ದೊಡ್ಡಮ್ಮ ಮುಂದಿನ ಸೀಟಲ್ಲಿ, ಹುಡುಗಿ ಹಿಂದೆ. ಬ್ಯಾಗಿನ ತಳದಲ್ಲಿದ್ದ ಫೋನು ಅವಳ ಕೈಗೆ ಬಂದಿತ್ತು, ಏನೋ ಒತ್ತುತ್ತಿದ್ಲು. ಹೆಸರು ಬದಲಾಯಿಸಿದ್ಲೋ, ಗುಂಪು ಬದಲಾಯಿಸಿದ್ಲೋ, ಸಂಕ್ರಾಂತಿಗೆ ಬಂದಾಗ ಕೇಳ್ತೀನಿ.